ಫೋಟೋದ ಅಂಚಿನಲ್ಲಿದ್ದ ಗಂಟು: ಮೇಲ್ಸೇತುವೆಯ ಕೆಳಗಿನ ಒಂದು ಪ್ರಕರಣ

ಮೇಲ್ಸೇತುವೆಯ ಕೆಳಗೆ ಮಲಗುವ ಮನೆಯಿಲ್ಲದವರ ಜೊತೆ ಒಂದು ಸಂಸ್ಥೆಯ ತಂಡ ನಡೆಸಿದ ಫೋಟೋ ಕೆಲಸದ ಕಥೆ ಇದು. ಇಲ್ಲಿ ಊರಿನ ಹೆಸರಿಲ್ಲ, ಸಂಸ್ಥೆಯ ಹೆಸರಿಲ್ಲ, ಜನರ ಹೆಸರೂ ಇಲ್ಲ. ಗುರುತು ಸಿಗಬಹುದಾದ ಸಣ್ಣಪುಟ್ಟ ವಿವರಗಳನ್ನೂ ಬದಲಿಸಿದ್ದೇನೆ. ಇದನ್ನು ಓದುವವರಿಗೆ ಬೇಕಾಗಿರುವುದು ಯಾವ ಹಂತದಲ್ಲಿ ಯಾವ ತೀರ್ಮಾನ ಆಯಿತು, ಅದರಿಂದ ಏನಾಯಿತು ಅನ್ನುವುದು ತಾನೇ? ನಾನು ಇದರಲ್ಲಿ ಫೋಟೋ ತೆಗೆದವನಲ್ಲ. ಎರಡನೇ ಹಂತದಲ್ಲಿ ಫೋಟೋ ವಿಂಗಡಿಸಿ, ಜನ ಹೇಳಿದ್ದನ್ನು ಅಡಿಬರಹವಾಗಿ ಬರೆದುಕೊಳ್ಳುವ ಕೆಲಸಕ್ಕೆ ಸೇರಿದವನು. ಅದಕ್ಕೂ ಹಿಂದಿನ ಸಂಗತಿಗಳನ್ನು ತಂಡದ ಕಡತಗಳಿಂದ, ಅವರ ಮಾತಿನಿಂದ ತಿಳಿದುಕೊಂಡೆ.

ಹಿನ್ನೆಲೆ

ಒಂದು ದೊಡ್ಡ ನಗರದ ಮೇಲ್ಸೇತುವೆ. ಅದರ ಕಂಬಗಳ ನಡುವೆ ರಾತ್ರಿ ಮೂವತ್ತು ನಲವತ್ತು ಜನ ಮಲಗುತ್ತಿದ್ದರು. ಜಾಸ್ತಿ ಒಂಟಿ ಗಂಡಸರು, ಕೆಲವು ಹೆಂಗಸರು, ಒಂದೆರಡು ಗಂಡ ಹೆಂಡತಿ. ಹೆಚ್ಚುಕಮ್ಮಿ ಎಲ್ಲರೂ ಏನಾದರೊಂದು ಕೆಲಸ ಮಾಡುತ್ತಿದ್ದರು. ಸರಕು ಇಳಿಸುವುದು, ಪಾತ್ರೆ ತೊಳೆಯುವುದು, ಚಿಂದಿ ಆಯುವುದು. ಅಲ್ಲಿಂದ ಸ್ವಲ್ಪ ದೂರ ನಡೆದರೆ ಒಂದು ರಾತ್ರಿ ತಂಗುದಾಣ ಇತ್ತು. ದುಡ್ಡು ಕೊಡಬೇಕಾಗಿರಲಿಲ್ಲ. ಮಂಚ, ಹಾಸಿಗೆ, ಶೌಚಾಲಯ, ಕುಡಿಯುವ ನೀರು ಎಲ್ಲ ಇತ್ತು. ಆದರೂ ಎಷ್ಟೋ ರಾತ್ರಿ ಮಂಚಗಳು ಖಾಲಿ ಬಿದ್ದಿರುತ್ತಿದ್ದವು.

ಯಾಕೆ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ. "ಅವರಿಗೆ ರಸ್ತೆನೇ ಅಭ್ಯಾಸ ಆಗಿಹೋಗಿದೆ, ಕರೆದರೂ ಬರಲ್ಲ." ರಾತ್ರಿ ಹೊತ್ತು ಜನರನ್ನು ಮಾತಾಡಿಸಲು ಹೋಗುತ್ತಿದ್ದ ಸಂಸ್ಥೆಯ ರಿಜಿಸ್ಟರಿನಲ್ಲೂ ಸಾಲುಸಾಲಾಗಿ "ಬರಲು ಒಪ್ಪಲಿಲ್ಲ" ಅಂತಲೇ ಬರೆದಿತ್ತು. ಯಾಕೆ ಒಪ್ಪಲಿಲ್ಲ ಅಂತ ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಕೇಳಿದರೆ ಜನ "ಇಲ್ಲೇ ಆರಾಮಾಗಿದೀವಿ ಬಿಡಿ" ಅಂತ ಹೇಳಿ ಮುಗಿಸುತ್ತಿದ್ದರು. ರಾತ್ರಿ ಹನ್ನೊಂದಕ್ಕೆ, ಕೆಲಸ ಮಾಡಿ ಸುಸ್ತಾದವರನ್ನು ಎಬ್ಬಿಸಿ ಕೇಳುವ ಪ್ರಶ್ನೆಗೆ ಇನ್ನೇನು ಉತ್ತರ ಬರಬೇಕು?

ಮೊದಲ ಹಂತ: ಮುಖಗಳು

ಸಂಸ್ಥೆಗೆ ದೇಣಿಗೆ ಬೇಕಿತ್ತು. ಸಾರ್ವಜನಿಕರ ಗಮನವೂ ಬೇಕಿತ್ತು. ಹಾಗಾಗಿ ಜನರ ಬದುಕನ್ನು ಇದ್ದಂತೆ ದಾಖಲಿಸುವ ಒಬ್ಬ ಛಾಯಾಗ್ರಾಹಕರನ್ನು ಕರೆಸಿದರು. ಅವರ ಬಗ್ಗೆ ಯಾರೂ ಕೆಟ್ಟದಾಗಿ ಹೇಳಲಿಲ್ಲ. ಮೊದಲ ಕೆಲವು ವಾರ ಕ್ಯಾಮೆರಾ ಇಲ್ಲದೆ ಬಂದು ಸುಮ್ನೆ ಕೂತು ಹೋಗುತ್ತಿದ್ದರಂತೆ. ಫ್ಲ್ಯಾಷ್ ಬಳಸಲಿಲ್ಲ. ಮಲಗಿದವರ ಫೋಟೋ ತೆಗೆಯಲಿಲ್ಲ. ಪ್ರತಿಯೊಬ್ಬರನ್ನೂ ಕೇಳಿಯೇ ತೆಗೆದರು. ಕಪ್ಪು ಬಿಳುಪಿನ ಮುಖಚಿತ್ರಗಳು, ತೀರಾ ಹತ್ತಿರದಿಂದ. ಹಿನ್ನೆಲೆ ಕತ್ತಲು. ಸುಕ್ಕು, ಕಣ್ಣು, ಕೈಬೆರಳು.

ಪ್ರದರ್ಶನ ಆಯಿತು. ಜನ ಬಂದರು. ಕೆಲವರು ಫೋಟೋಗಳ ಮುಂದೆ ತುಂಬಾ ಹೊತ್ತು ನಿಂತರು. ದೇಣಿಗೆಯೂ ಬಂತು. ಅದರಲ್ಲಿ ಹೆಚ್ಚಿನದು ಕಂಬಳಿಗಳ ರೂಪದಲ್ಲಿ. ಚಳಿಗಾಲ ಹತ್ತಿರ ಇತ್ತು, ಫೋಟೋಗಳಲ್ಲಿ ಇದ್ದವರು ಹರಕು ಬಟ್ಟೆ ಹೊದ್ದಿದ್ದರು. ನೋಡಿದವರಿಗೆ ಕಂಬಳಿ ಅಂತಲೇ ಅನ್ನಿಸಿದ್ದು ಸಹಜ.

ಕಂಬಳಿ ಹಂಚಿದ ಕೆಲವೇ ದಿನಗಳಲ್ಲಿ ಹೆಚ್ಚಿನವು ಕಾಣೆಯಾದವು. ಮಾರಿಕೊಂಡು ಕುಡಿದಿರಬೇಕು ಅಂತ ದಾನಿಗಳ ಪೈಕಿ ಯಾರೋ ಅಂದರು. ತಂಡದೊಳಗೂ ಆ ಅನುಮಾನ ಇತ್ತು. ಇದೇ ಹೊತ್ತಿಗೆ ಸಂಸ್ಥೆ ಈ ಯೋಜನೆಯನ್ನು ನಿಲ್ಲಿಸಿಬಿಡುವ ಮಾತೂ ಆಡಿತ್ತು.

ಫೋಟೋದಲ್ಲಿ ಏನು ಕಾಣುತ್ತದೋ ಸಹಾಯ ಅದರ ಹಿಂದೆಯೇ ಹೋಗುತ್ತದೆ. ಇದು ಹಳೆಯ ಕಥೆ. 1936ರ ಮಾರ್ಚ್‌ನಲ್ಲಿ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಅಮೆರಿಕದ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ಬಟಾಣಿ ಕೊಯ್ಲಿನ ಕೂಲಿಗಳ ಬಿಡಾರಕ್ಕೆ ಹೋಗಿ ಒಬ್ಬ ತಾಯಿ ಮತ್ತು ಮಕ್ಕಳ ಫೋಟೋ ತೆಗೆದರು. ಆ ಸರಣಿಯ ಚಿತ್ರಗಳು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಬಿಡಾರಕ್ಕೆ 20,000 ಪೌಂಡ್, ಅಂದರೆ ಸುಮಾರು 9 ಟನ್ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿಯ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬ ಅವರ ಹೆಸರು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಆ ಫೋಟೋದಿಂದ ತಮಗೆ ಬಿಡಿಗಾಸೂ ಸಿಗಲಿಲ್ಲ, ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಅವರು ಹೇಳಿದ್ದರು. ಬಿಡಾರದಲ್ಲಿ ಉಳಿದವರಿಗೆ ಊಟ ಸಿಕ್ಕಿದ್ದು ನಿಜ. ಅದನ್ನು ಕಡೆಗಣಿಸಬಾರದು. ಆದರೆ ಫೋಟೋದಲ್ಲಿ ಇದ್ದವರಿಗೆ ಏನು ಬೇಕಿತ್ತು ಅಂತ ಯಾರೂ ಕೇಳಿರಲಿಲ್ಲ.

ತಿರುವು: ಒಂದು ಪ್ರಿಂಟು, ಒಂದು ಪ್ರಶ್ನೆ

ಪ್ರದರ್ಶನ ಮುಗಿದ ಮೇಲೆ ಛಾಯಾಗ್ರಾಹಕರು ಎಲ್ಲರಿಗೂ ಅವರವರ ಫೋಟೋದ ಒಂದೊಂದು ಪ್ರಿಂಟು ಕೊಟ್ಟರು. ಮಾತು ಕೊಟ್ಟಿದ್ದರು, ಉಳಿಸಿಕೊಂಡರು. ಈ ಕೆಲಸ ಮಾಡುವ ಎಷ್ಟೋ ಜನ ಇಷ್ಟನ್ನೂ ಮಾಡುವುದಿಲ್ಲ.

ಅಲ್ಲಿ ಒಬ್ಬರು ವಯಸ್ಸಾದ ಹೆಂಗಸು ಇದ್ದರು. ಎಲ್ಲರೂ ದೊಡ್ಡಮ್ಮ ಅಂತ ಕರೆಯುತ್ತಿದ್ದರು, ಇಲ್ಲೂ ಹಾಗೇ ಕರೆಯುತ್ತೇನೆ. ಅವರು ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು, "ನನ್ನ ಗಂಟು ಎಲ್ಲಿ ಹೋಯ್ತಪ್ಪ? ಪಕ್ಕದಲ್ಲೇ ಇಟ್ಕೊಂಡಿದ್ನಲ್ಲ."

ಛಾಯಾಗ್ರಾಹಕರು ನಕ್ಕು, ಫೋಟೋ ಚೆನ್ನಾಗಿ ಬರಲಿ ಅಂತ ಅಂಚು ಕತ್ತರಿಸಿದ್ದೆ ಅಂದರು. ದೊಡ್ಡಮ್ಮ ಬಿಡಲಿಲ್ಲ. "ಅದು ಇಲ್ದೆ ಇದ್ರೆ ನಾನು ಯಾರೋ ಅನ್ಸುತ್ತೆ."

ಆ ರಾತ್ರಿ ಛಾಯಾಗ್ರಾಹಕರು ಮೂಲ ಫೈಲುಗಳನ್ನೆಲ್ಲ ತೆರೆದು ಕೂತರಂತೆ. ಪ್ರದರ್ಶನಕ್ಕೆ ಆರಿಸಿದ್ದು, ಬಿಟ್ಟದ್ದು, ಎಲ್ಲ. ಹೆಚ್ಚುಕಮ್ಮಿ ಪ್ರತಿ ಫ್ರೇಮಿನ ಒಂದು ಮೂಲೆಯಲ್ಲಿ ಒಂದು ಗಂಟು, ಚೀಲ ಅಥವಾ ಗೋಣಿಮೂಟೆ ಇತ್ತು. ಒಬ್ಬರ ಕಾಲಿಗೆ ಚೀಲದ ದಾರ ಕಟ್ಟಿಕೊಂಡಿತ್ತು. ಇನ್ನೊಬ್ಬರು ಚೀಲವನ್ನೇ ದಿಂಬು ಮಾಡಿಕೊಂಡಿದ್ದರು. ಒಬ್ಬ ಹುಡುಗನ ಅಂಗಿಯ ಒಳಗೆ ಚೌಕಾಕಾರದ ಏನೋ ಉಬ್ಬಿಕೊಂಡಿತ್ತು. ಆಮೇಲೆ ಗೊತ್ತಾಯಿತು, ಅದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಗುರುತಿನ ಕಾಗದಗಳು.

ನನ್ನ ಪ್ರಕಾರ ಈ ಪ್ರಕರಣದಲ್ಲಿ ಅತಿ ಮುಖ್ಯವಾದ ಕ್ಷಣ ಇದು. ಬೇಕಾದ ಸಾಕ್ಷಿ ಮೊದಲ ದಿನದಿಂದಲೂ ಫೈಲುಗಳಲ್ಲೇ ಇತ್ತು. "ಇವರು ಯಾರು?" ಅನ್ನುವ ಪ್ರಶ್ನೆ ಇಟ್ಟುಕೊಂಡು ನೋಡಿದಾಗ ಆ ಗಂಟು ಅಡ್ಡಬಂದ ವಸ್ತು. "ಇವರು ಯಾಕೆ ಇಲ್ಲೇ ಇದ್ದಾರೆ?" ಅಂತ ಕೇಳಿಕೊಂಡು ನೋಡಿದರೆ ಅದೇ ಉತ್ತರದ ಮೊದಲ ತುದಿ. ಛಾಯಾಗ್ರಾಹಕರು ಮಾರನೇ ದಿನ ತಂಡದ ಮುಂದೆ ಇಟ್ಟಿದ್ದು ಆ ಕತ್ತರಿಸಿದ ಅಂಚುಗಳನ್ನು ಮಾತ್ರ. ಮುಖಗಳನ್ನು ತೆಗೆದುಹಾಕಿ, ಚೀಲಗಳನ್ನು ಉಳಿಸಿಕೊಂಡಿದ್ದರು.

ಎರಡನೇ ಹಂತ: ಒಂದೇ ಜಾಗ, ಬೇರೆ ಬೇರೆ ಹೊತ್ತು

ನಾನು ಸೇರಿಕೊಂಡಿದ್ದು ಇಲ್ಲಿಂದ. ತಂಡ ಎರಡು ಕೆಲಸ ಶುರು ಮಾಡಿತು. ಛಾಯಾಗ್ರಾಹಕರು ಕೆಲವು ಜಾಗಗಳನ್ನು ಗೊತ್ತು ಮಾಡಿಕೊಂಡು, ಅದೇ ಕೋನದಿಂದ, ರಾತ್ರಿ, ನಸುಕು, ಮಧ್ಯಾಹ್ನ, ಸಂಜೆ ಫೋಟೋ ತೆಗೆಯತೊಡಗಿದರು. ಇದರಲ್ಲಿ ಕಲೆ ಏನೂ ಇಲ್ಲ, ಕಂಬದ ಬುಡ, ಗೋಡೆ, ಚರಂಡಿ, ಅಷ್ಟೇ. ಇನ್ನೊಂದು ಕಡೆ, ಇಷ್ಟಪಟ್ಟವರಿಗೆ ಸಣ್ಣ ಡಿಜಿಟಲ್ ಕ್ಯಾಮೆರಾಗಳನ್ನು ಕೊಟ್ಟು, ಅವರ ದಿನವನ್ನು ಅವರೇ ತೆಗೆಯಲಿ ಅಂತ ಬಿಟ್ಟರು.

ಕ್ಯಾಮೆರಾ ಕೊಡುವ ಈ ವಿಧಾನ ತಂಡದ ಕಲ್ಪನೆಯೇನಲ್ಲ. 1989ರಲ್ಲಿ ವಾಷಿಂಗ್ಟನ್ ನಗರದಲ್ಲಿ ಜಿಮ್ ಹಬ್ಬರ್ಡ್ ಎಂಬ ಪತ್ರಿಕಾ ಛಾಯಾಗ್ರಾಹಕ ಆಶ್ರಯತಾಣಗಳಲ್ಲಿದ್ದ ಮಕ್ಕಳಿಗೆ ಕ್ಯಾಮೆರಾ ಹಿಡಿಯಲು ಕಲಿಸಿದ್ದರು. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರ್ರಿಸ್ ಎಂಬ ಸಂಶೋಧಕಿಯರು ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರ ಜೊತೆ ಕೆಲಸ ಮಾಡಿ ಇದಕ್ಕೆ ಒಂದು ಕ್ರಮ ಕೊಟ್ಟರು. ಅದಕ್ಕೆ ಫೋಟೋವಾಯ್ಸ್ ಅಂತ ಹೆಸರಾಯಿತು. ಮುಂದೆ ವಾಂಗ್ ಮತ್ತು ಅವರ ಜೊತೆಗಾರರು ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಮನೆ ಇಲ್ಲದವರ ಜೊತೆಗೂ ಇದನ್ನೇ ಮಾಡಿದರು. ಇದರಲ್ಲಿ ಫೋಟೋ ತೆಗೆಯುವುದು ಅರ್ಧ ಕೆಲಸ. ಆಮೇಲೆ ಗುಂಪಾಗಿ ಕೂತು ಮಾತಾಡುವುದು ಇನ್ನರ್ಧ. ಇಲ್ಲಿ ಏನು ಕಾಣುತ್ತಿದೆ? ನಿಜವಾಗಿ ಏನು ನಡೆಯುತ್ತಿದೆ? ನಮ್ಮ ಬದುಕಿಗೆ ಇದು ಹೇಗೆ ತಾಗುತ್ತದೆ? ಯಾಕೆ ಹೀಗಿದೆ? ಏನು ಮಾಡಬಹುದು? ಕ್ಯಾಮೆರಾ ಹಂಚಿ, ಚೆಂದದ ಹತ್ತು ಚಿತ್ರ ಆರಿಸಿ, ಗೋಡೆಗೆ ನೇತುಹಾಕಿ ಅದಕ್ಕೂ ಫೋಟೋವಾಯ್ಸ್ ಅನ್ನುವವರಿದ್ದಾರೆ. ಆ ಮಾತುಕತೆ ಇಲ್ಲದಿದ್ದರೆ ಅದು ಬರೀ ಫೋಟೋ ಸ್ಪರ್ಧೆ.

ಒಂದು ವಾದ ನಡೆಯಿತು. ಫೋಟೋ ತೆಗೆದು ಮಾತುಕತೆಗೆ ಬರುವವರಿಗೆ ದುಡ್ಡು ಕೊಡಬೇಕಾ ಬೇಡವಾ? ಕೊಟ್ಟರೆ ಒಪ್ಪಿಗೆಯನ್ನೇ ಕೊಂಡುಕೊಂಡಂತೆ ಅಂತ ಕೆಲವರು. ಒಂದು ಸಂಜೆ ಬಂದು ಕೂತರೆ ಅವರಿಗೆ ಒಂದು ಸಂಜೆಯ ಕೂಲಿ ಹೋಗುತ್ತದೆ ಅಂತ ಇನ್ನು ಕೆಲವರು. ಕೊನೆಗೆ ಸಮಯಕ್ಕೆ ದುಡ್ಡು ಕೊಡುವುದು, ಫೋಟೋ ಕೊಟ್ಟರೂ ಕೊಡದಿದ್ದರೂ ಅಷ್ಟೇ ಕೊಡುವುದು ಅಂತಾಯಿತು. ನನಗೆ ಇದು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಉಳಿದ ನಾವೆಲ್ಲ ಸಂಬಳಕ್ಕೇ ತಾನೇ ಅಲ್ಲಿ ಕೂತಿದ್ದುದು?

ಬಂದ ಫೋಟೋಗಳಲ್ಲಿ ಮುಖಗಳು ಅಪರೂಪ. ನಲ್ಲಿ, ಬೀಗ, ಅಂಗಡಿಯ ಮುಚ್ಚಿದ ಷಟರು, ನಾಯಿ, ಮರದ ಕೊಂಬೆ, ಗಡಿಯಾರ. ಸರಕು ಇಳಿಸುವ ಒಬ್ಬರು ಒಂದೇ ನಲ್ಲಿಯನ್ನು ಮತ್ತೆ ಮತ್ತೆ ತೆಗೆದು ತಂದಿದ್ದರು. ಗುಂಡಿ ಒತ್ತಿಕೊಂಡು ಹೋಗಿರಬೇಕು ಅಂತ ನಮ್ಮಲ್ಲಿ ಒಬ್ಬರು ಅವನ್ನು ಅಳಿಸಲು ಹೊರಟಿದ್ದರು. ಕೇಳಿದಾಗ ಆತ ಹೇಳಿದರು, "ಸರ್, ಇದ್ರಲ್ಲಿ ನೀರು ಯಾವಾಗ ಬರುತ್ತೆ ಯಾವಾಗ ಬರಲ್ಲ ಅಂತ ತೋರ್ಸಿದೀನಿ. ನಾನು ಎದ್ದೇಳೋ ಟೈಮು ಅದರ ಮೇಲೇ ನಿಂತಿರೋದು." ಫೈಲಿನ ಸಮಯ ನೋಡಿದೆವು. ನಸುಕಿನಲ್ಲಿ ಸ್ವಲ್ಪ ಹೊತ್ತು ನೀರು, ಆಮೇಲೆ ಇಡೀ ದಿನ ಒಣ ನಲ್ಲಿ.

ದೊಡ್ಡಮ್ಮನ ಗಂಟಿನ ಸರಣಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಳೇ ಸೀರೆಯಲ್ಲಿ ಕಟ್ಟಿದ ಗಂಟು ಅದು. ಮೇಲೆ ಎರಡು ಸುತ್ತು ಹಸಿರು ವೈರು. ಗಂಟಿನ ತುದಿಗೆ ಒಂದು ಪಿನ್ನು, ಯಾರಾದರೂ ಬಿಚ್ಚಿದ್ದರೆ ಗೊತ್ತಾಗಲಿ ಅಂತ. ನಸುಕಿನಲ್ಲಿ ಜಾಗ ಗುಡಿಸುವ ವಾಹನ ಬರುವ ಮುಂಚೆ ಅದನ್ನು ಕಂಬದ ಮೇಲಿನ ಸಂದಿಗೆ ಏರಿಸಬೇಕು. ಅಷ್ಟು ಎತ್ತರ ಅವರ ಕೈಗೆ ಎಟುಕುವುದಿಲ್ಲ. ಅದಕ್ಕೆ ಎತ್ತರದ ಒಬ್ಬ ಹುಡುಗ ಬೇಕು. ಅವನು ಎದ್ದು ಕೆಲಸಕ್ಕೆ ಹೋಗುವ ಮುಂಚೆ ಇವರು ಏಳಬೇಕು. ಅವನಿಲ್ಲದ ದಿನ ಗಂಟನ್ನು ಹೊತ್ತುಕೊಂಡೇ ತಿರುಗಬೇಕು. ಗಂಟು ಹೊತ್ತವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ, ಶೌಚಾಲಯಕ್ಕೂ ಬಿಡುವುದಿಲ್ಲ. ಇದೆಲ್ಲ ಫೋಟೋಗಳಲ್ಲಿ ಒಂದರ ಪಕ್ಕ ಒಂದು ಬಂತು. ಮಧ್ಯಾಹ್ನದ ಫೋಟೋದಲ್ಲಿ ಕಂಬದ ಸಂದಿಯಲ್ಲಿ ಏಳೆಂಟು ಗಂಟುಗಳು ಸಾಲಾಗಿ ಕೂತಿದ್ದವು. ಆ ದಾರಿಯಲ್ಲಿ ಓಡಾಡುತ್ತಿದ್ದ ನಮಗೆ ಅವು ಅದುವರೆಗೆ ಕಂಡಿರಲಿಲ್ಲ.

ಕಂಬಳಿಗಳ ಕಥೆಯೂ ಇಲ್ಲೇ ಬಿಡಿಸಿಕೊಂಡಿತು. ದಪ್ಪ ಕಂಬಳಿ ಸಂದಿಯಲ್ಲಿ ಹಿಡಿಸುವುದಿಲ್ಲ. ಕೆಳಗೆ ಬಿಟ್ಟುಹೋದರೆ ಕಸದ ಜೊತೆ ಹೋಗುತ್ತದೆ. ನಸುಕಿನ ಒಂದು ಫೋಟೋದಲ್ಲಿ ಕಸದ ಲಾರಿಯ ಹಿಂಬದಿಯಿಂದ ದಾನ ಬಂದ ಕಂಬಳಿಯ ಪಟ್ಟೆ ಅಂಚು ಕಾಣುತ್ತಿತ್ತು. ಕುಡಿತದ ಮಾತು ಅಲ್ಲಿಗೆ ನಿಂತಿತು.

ಇನ್ನು ತಂಗುದಾಣ. ಮುಚ್ಚಿದ ಗೇಟಿನ ಫೋಟೋ ಮೂರು ನಾಲ್ಕು ಜನರಿಂದ ಬಂದಿತ್ತು. ಗೇಟು ಒಂಬತ್ತಕ್ಕೆ ಹಾಕುತ್ತಾರೆ, ಪಾತ್ರೆ ತೊಳೆಯುವ ಕೆಲಸ ಹನ್ನೊಂದಕ್ಕೆ ಮುಗಿಯುತ್ತದೆ. ಬಾಗಿಲ ಪಕ್ಕದ ಸೂಚನಾ ಫಲಕದ ಫೋಟೋ ಇತ್ತು: ಚೀಲ, ಮೂಟೆ ಒಳಗೆ ತರುವಂತಿಲ್ಲ. ಹಾಸಿಗೆ ಇದೆ ಅಂತ ಗಂಟು ಬಿಟ್ಟು ಒಳಗೆ ಹೋದರೆ ಬೆಳಿಗ್ಗೆ ಗಂಟು ಇರುವುದಿಲ್ಲ. ಗಂಟಿನ ಜೊತೆ ಕಾಗದಪತ್ರ ಹೋದರೆ ಗುರುತಿನ ಚೀಟಿ, ಅದರ ಆಧಾರದ ಮೇಲೆ ಸಿಗುವ ಸೌಲಭ್ಯ, ಬಾಡಿಗೆ ಕೋಣೆ ಹುಡುಕುವ ಆಸೆ, ಎಲ್ಲ ಮೊದಲಿನಿಂದ. "ಬರಲು ಒಪ್ಪಲಿಲ್ಲ" ಅಂತ ಬರೆದಿದ್ದ ರಿಜಿಸ್ಟರಿಗೆ ಈಗ ಕಾರಣ ಸಿಕ್ಕಿತ್ತು.

ನಡುವೆ ಆದ ಹಾನಿ

ಇದನ್ನು ಬಿಟ್ಟು ಬರೆದರೆ ಪ್ರಕರಣ ಅರ್ಧ ಸುಳ್ಳಾಗುತ್ತದೆ. ಒಬ್ಬ ಸ್ವಯಂಸೇವಕ ಒಳ್ಳೆಯ ಮನಸ್ಸಿನಿಂದಲೇ ಗಂಟುಗಳ ಸಾಲಿನ ಫೋಟೋವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದ. ಅದರಲ್ಲಿ ಯಾರ ಮುಖವೂ ಇರಲಿಲ್ಲ. ಕಂಬದ ಮೇಲೆ ಬರೆದ ನಂಬರು ಮಾತ್ರ ಸ್ಪಷ್ಟವಾಗಿ ಇತ್ತು. ಫೋಟೋ ಬಹಳ ಜನಕ್ಕೆ ತಲುಪಿತು. ಮರುಕದ ಮಾತುಗಳ ನಡುವೆ "ಇದನ್ನೆಲ್ಲ ಯಾರು ಕ್ಲೀನ್ ಮಾಡ್ತಾರೆ?" ಅನ್ನುವ ಮಾತೂ ಬಂತು. ಸ್ವಲ್ಪ ದಿನದಲ್ಲಿ ಆ ಸಂದಿಗಳಿಗೆ ಜಾಲರಿ ಬಿತ್ತು. ಗಂಟುಗಳು ಹೋದವು. ಕೆಲವರು ಜಾಗ ಬಿಟ್ಟು ಎಲ್ಲಿಗೋ ಹೋದರು, ತಂಡಕ್ಕೆ ಅವರ ಸಂಪರ್ಕವೇ ತಪ್ಪಿತು. ಫೋಟೋದಿಂದಲೇ ಹೀಗಾಯಿತು ಅಂತ ಸಾಬೀತು ಮಾಡಲು ಆಗುವುದಿಲ್ಲ. ಜಾಲರಿ ಹಾಕುವ ಯೋಜನೆ ಮೊದಲೇ ಇದ್ದಿರಬಹುದು. ಆದರೆ ಅಲ್ಲಿನ ಜನರಿಗೆ ಯಾವ ಅನುಮಾನವೂ ಇರಲಿಲ್ಲ.

ಫೋಟೋ ತೋರಿಸಿ ಕೆಟ್ಟ ಜಾಗವೊಂದನ್ನು ಮುಚ್ಚಿಸುವುದು ಸುಲಭ. ಅಲ್ಲಿದ್ದವರಿಗೆ ಬೇರೆ ಜಾಗ ಕೊಡಿಸುವುದು ಬೇರೆಯೇ ಕೆಲಸ. ನ್ಯೂಯಾರ್ಕಿನಲ್ಲಿ ಜೇಕಬ್ ರೀಸ್ ಎಂಬ ಪತ್ರಕರ್ತ 1880ರ ದಶಕದ ಕೊನೆಯಲ್ಲಿ ಫ್ಲ್ಯಾಷ್ ಪುಡಿ ಉರಿಸಿ ಕತ್ತಲ ಕೋಣೆಗಳ ಫೋಟೋ ತೆಗೆದರು. ಪೊಲೀಸ್ ಠಾಣೆಗಳ ನೆಲಮಾಳಿಗೆಯಲ್ಲಿ ಬಡವರು ಹಲಗೆಯ ಮೇಲೆ ಮಲಗುವುದನ್ನೂ ತೋರಿಸಿದರು. ಬಡ ವಲಸಿಗನಾಗಿದ್ದ ಕಾಲದಲ್ಲಿ ಅವರೇ ಅಂಥ ಕಡೆ ಮಲಗಿದ್ದವರು. 1896ರಲ್ಲಿ, ಥಿಯೊಡೋರ್ ರೂಸ್‌ವೆಲ್ಟ್ ಪೊಲೀಸ್ ಮಂಡಳಿಯ ಮುಖ್ಯಸ್ಥರಾಗಿದ್ದಾಗ, ಆ ತಂಗುಕೋಣೆಗಳನ್ನು ಮುಚ್ಚಿಸಿದರು. ರೀಸ್ ಅದನ್ನು ಗೆಲುವು ಅಂತಲೇ ಎಣಿಸಿದರು. ಕೋಣೆಗಳು ಹೊಲಸಾಗಿದ್ದವು, ನಿಜ. ಆದರೆ ಬೇರೆ ಏನೂ ಗತಿ ಇಲ್ಲದವರು ಬರುತ್ತಿದ್ದುದು ಅಲ್ಲಿಗೇ.

ಮೇಲ್ಸೇತುವೆಯಲ್ಲಿ ಜಾಲರಿ ಬಿದ್ದ ತಿಂಗಳೇ ಮತ್ತೊಂದು ಹಾನಿ ಆಯಿತು. ಮೊದಲ ಪ್ರದರ್ಶನದಲ್ಲಿ ಮುಖ ತೋರಿಸಿದ್ದ ಒಬ್ಬ ಹೆಂಗಸು ತಮ್ಮ ಫೋಟೋವನ್ನು ತೆಗೆದುಹಾಕಿಬಿಡಿ ಅಂತ ಬಂದರು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದಿದ್ದವರು. ಊರಿನ ಕಡೆಯ ಯಾರೋ ಆ ಫೋಟೋ ನೋಡಿದ್ದರು. ಆ ಹೆಂಗಸು ಮೊದಲು ಒಪ್ಪಿದ್ದು ಸುಳ್ಳಲ್ಲ, ಒಪ್ಪಿಗೆ ಪತ್ರದಲ್ಲಿ ಹೆಬ್ಬೆಟ್ಟೂ ಇತ್ತು. ಆದರೆ ಪ್ರದರ್ಶನದ ಒಂದು ಗೋಡೆ ಮಾತ್ರ ಅಂತ ಒಪ್ಪಿದವರಿಗೆ ಅದು ಎಷ್ಟು ಫೋನುಗಳಿಗೆ ಹೋಗಬಹುದು ಅಂತ ಹೇಗೆ ಗೊತ್ತಾಗಬೇಕು? ತಂಡ ತನ್ನಲ್ಲಿದ್ದ ಫೈಲುಗಳನ್ನು ಅಳಿಸಿತು. ದಾನಿಗಳಿಗೆ ಹೋಗಿದ್ದ ಪ್ರತಿಗಳನ್ನು ವಾಪಸ್ ಕೇಳಿತು. ಕೆಲವು ಬಂದವು.

ಅಲ್ಲಿಂದ ಒಪ್ಪಿಗೆಯ ಪದ್ಧತಿಯೇ ಬದಲಾಯಿತು. ಫೋಟೋ ತೆಗೆಯುವಾಗ ಒಂದು ಸಲ ಕೇಳುವುದು. ಪ್ರಿಂಟು ಕೈಗೆ ಕೊಟ್ಟ ಮೇಲೆ ಇನ್ನೊಂದು ಸಲ. ಹೊರಗೆ ತೋರಿಸುವ ಮುಂಚೆ, ಎಲ್ಲಿ ಯಾರಿಗೆ ಅಂತ ಹೇಳಿ, ಮತ್ತೊಂದು ಸಲ. ಬೇಡ ಅಂದರೆ ಕಾರಣ ಕೇಳುವಂತಿಲ್ಲ. ಕಂಬದ ನಂಬರು, ಅಂಗಡಿಯ ಬೋರ್ಡು, ಬಸ್ಸಿನ ಸಂಖ್ಯೆ ಫ್ರೇಮಿನಲ್ಲಿ ಇರಬಾರದು. ಮೊಬೈಲಿನಲ್ಲಿ ತೆಗೆದ ಫೋಟೋದ ಫೈಲಿನೊಳಗೆ ಜಾಗದ ಜಿಪಿಎಸ್ ಗುರುತು ಕೂತಿರಬಹುದು. ಈಮೇಲ್ ಮಾಡಿದರೆ ಅದೂ ಜೊತೆಗೇ ಹೋಗುತ್ತದೆ, ಅದನ್ನು ತೆಗೆದುಹಾಕಿಯೇ ಕಳಿಸುವುದು. ಇವು ಯಾವುವೂ ದೊಡ್ಡ ವಿಷಯ ಅಲ್ಲ. ಮೊದಲೇ ಇದ್ದಿದ್ದರೆ ಆ ಎರಡೂ ಹಾನಿ ತಪ್ಪುತ್ತಿದ್ದವೋ ಏನೋ.

ಮುಚ್ಚಿದ ಕೋಣೆಯ ಸಭೆ

ಈಗ ಕೈಯಲ್ಲಿ ಗಟ್ಟಿ ಸಾಕ್ಷಿ ಇತ್ತು. ಏನು ಮಾಡುವುದು? ಛಾಯಾಗ್ರಾಹಕರಿಗೆ ದೊಡ್ಡ ಪ್ರದರ್ಶನ ಮಾಡುವ ಆಸೆ. ಪತ್ರಿಕೆಗೆ ಕೊಟ್ಟರೆ ತಂಗುದಾಣದವರು ದಾರಿಗೆ ಬರುತ್ತಾರೆ ಅನ್ನುವವರೂ ಇದ್ದರು. ಮೇಲ್ಸೇತುವೆಯ ಜನರನ್ನೇ ಕೇಳಿದಾಗ ಅವರು ಎರಡೂ ಬೇಡ ಅಂದರು. ನಲ್ಲಿಯ ಫೋಟೋ ತೆಗೆದವರು ಹೇಳಿದ್ದು ನೇರವಾಗಿತ್ತು. "ಪೇಪರ್ನಲ್ಲಿ ಬಂದ್ರೆ ಅವರಿಗೆ ಸಿಟ್ಟು ಬರುತ್ತೆ. ನಾಳೆ ಅದೇ ಗೇಟಿನ ಮುಂದೆ ನಿಲ್ಬೇಕಾದೋರು ನಾವು."

ಹಾಗಾಗಿ ಸಭೆ. ತಂಗುದಾಣದ ವ್ಯವಸ್ಥಾಪಕರು, ಸ್ಥಳೀಯ ಆಡಳಿತದ ಇಬ್ಬರು, ಸಂಸ್ಥೆಯವರು, ಮೇಲ್ಸೇತುವೆಯಿಂದ ನಾಲ್ಕು ಜನ. ಮೇಜಿನ ಮೇಲೆ ಒಂದು ಗಂಟಿನ ಇಪ್ಪತ್ನಾಲ್ಕು ಗಂಟೆಯ ಫೋಟೋಗಳ ಉದ್ದ ಪಟ್ಟಿ. ಯಾರ ಮುಖವೂ ಇಲ್ಲ, ಯಾರನ್ನೂ ದೂರುವ ಅಡಿಬರಹವಿಲ್ಲ. ಪ್ರತಿ ಫೋಟೋದ ಕೆಳಗೆ ಸಮಯ ಮಾತ್ರ.

ವ್ಯವಸ್ಥಾಪಕರು ಮೊದಲು ಸಿಡಿಮಿಡಿಗೊಂಡರು. ಚೀಲ ಬಿಟ್ಟರೆ ತಿಗಣೆ ಬರುತ್ತದೆ, ಒಮ್ಮೆ ಬಂದರೆ ಹಾಸಿಗೆಯನ್ನೆಲ್ಲ ಎಸೆಯಬೇಕು ಅಂದರು. ಕಳ್ಳತನ ಆದರೆ ಜಗಳ ಬಿಡಿಸುವವರು ಯಾರು ಅಂದರು. ಎರಡೂ ನಿಜವಾದ ತೊಂದರೆಗಳೇ. ಆಗ ದೊಡ್ಡಮ್ಮ, "ಹಂಗಾದ್ರೆ ನಿಮ್ದೂ ಫೋಟೋ ತೆಗ್ದು ತೋರ್ಸಿ, ನಾವೂ ನೋಡ್ತೀವಿ" ಅಂದರು. ತಮಾಷೆಗೆ ಅಂದದ್ದೋ ನಿಜಕ್ಕೂ ಅಂದದ್ದೋ ಗೊತ್ತಿಲ್ಲ. ಆತ ಮುಂದಿನ ಸಭೆಗೆ ನಿಜವಾಗಿಯೂ ಮೊಬೈಲಿನಲ್ಲಿ ಫೋಟೋ ತೆಗೆದು ತಂದರು. ಮುರಿದ ಬೀರು, ತಿಗಣೆ ಹತ್ತಿದ ಹಾಸಿಗೆಯ ಹೊಲಿಗೆ, ರಾತ್ರಿ ಪಾಳಿಯಲ್ಲಿ ಇಡೀ ಕಟ್ಟಡಕ್ಕೆ ಒಬ್ಬನೇ ಕಾವಲುಗಾರ ಕೂತಿರುವ ಕುರ್ಚಿ. ಆ ಕುರ್ಚಿಯ ಫೋಟೋ ನೋಡಿದ ಮೇಲೆ ಗೇಟು ಒಂಬತ್ತಕ್ಕೇ ಯಾಕೆ ಮುಚ್ಚುತ್ತದೆ ಅಂತ ಮೇಲ್ಸೇತುವೆಯವರಿಗೂ ಅರ್ಥವಾಯಿತು. ಎರಡು ಕಡೆಯವರ ಮಾತಿನ ದನಿ ಬದಲಾದದ್ದು ಅಲ್ಲಿಂದ.

ಏನಾಯಿತು

ಮಲಗುವ ಕೋಣೆಯಿಂದ ದೂರ, ಅಂಗಳದ ಒಂದು ಬದಿಯಲ್ಲಿ, ಬೀಗ ಹಾಕಬಹುದಾದ ಕಬ್ಬಿಣದ ಗೂಡುಗಳು ಬಂದವು. ಚೀಲ ಅಲ್ಲಿ, ಮನುಷ್ಯ ಒಳಗೆ. ಹಗಲು ಹೊತ್ತೂ ಗಂಟು ಅಲ್ಲೇ ಇರಬಹುದು. ಈ ಹಗಲಿನ ಅನುಮತಿಗೇ ಜಾಸ್ತಿ ವಾದ ನಡೆದಿದ್ದು, ಜಾಸ್ತಿ ಉಪಯೋಗ ಆಗಿದ್ದೂ ಅದರಿಂದಲೇ. ತಡವಾಗಿ ಕೆಲಸ ಮುಗಿಸುವವರ ಪಟ್ಟಿ ಮಾಡಿ, ಅವರಿಗೆ ಪಕ್ಕದ ಸಣ್ಣ ಬಾಗಿಲು ತೆರೆಯುವುದು ಅಂತಾಯಿತು. ಅದಕ್ಕೆ ಇನ್ನೊಬ್ಬ ಕಾವಲುಗಾರ ಬೇಕಿತ್ತು. ದೇಣಿಗೆಯಲ್ಲಿ ಕಂಬಳಿಗೆಂದು ಇಟ್ಟಿದ್ದ ಹಣವನ್ನು ದಾನಿಗಳನ್ನು ಕೇಳಿ ಅದಕ್ಕೆ ತಿರುಗಿಸಿದರು.

ಮೇಲ್ಸೇತುವೆಯಿಂದ ಕೆಲವರು ತಂಗುದಾಣಕ್ಕೆ ಹೋದರು. ಎಲ್ಲರೂ ಹೋಗಲಿಲ್ಲ. ಕೆಲವರು ಗೂಡು ಮಾತ್ರ ಬಳಸಿ, ಮಲಗಲು ಮತ್ತೆ ಕಂಬದ ಕೆಳಗೇ ಬರುತ್ತಿದ್ದರು. ಮೊದಮೊದಲು ತಂಗುದಾಣದವರಿಗೆ ಇದು ಇರುಸುಮುರುಸಾಯಿತು, ಆಮೇಲೆ ಬಿಟ್ಟರು. ಅಂಗಿಯೊಳಗೆ ಕಾಗದ ಇಟ್ಟುಕೊಳ್ಳುತ್ತಿದ್ದ ಹುಡುಗ ಅವನ್ನು ಗೂಡಿನಲ್ಲಿ ಇಟ್ಟ. ಮಳೆಗಾಲದಲ್ಲಿ ಕಾಗದ ನೆನೆಯಲಿಲ್ಲ. ಮುಂದೆ ಇನ್ನಿಬ್ಬರ ಜೊತೆ ಸೇರಿ ಒಂದು ಬಾಡಿಗೆ ಕೋಣೆ ಮಾಡಿದ. ಇದನ್ನು ಫೋಟೋಗಳ ಸಾಧನೆ ಅಂತ ಬರೆಯಲು ನನಗೆ ಮನಸ್ಸಿಲ್ಲ. ಅವನಿಗೆ ಅದೇ ಹೊತ್ತಿಗೆ ಖಾಯಂ ಕೆಲಸವೂ ಸಿಕ್ಕಿತ್ತು.

ಸಂಸ್ಥೆಯವರು ಅವನ "ಮೊದಲು ಮತ್ತು ನಂತರ" ಫೋಟೋ ಬೇಕು ಅಂದರು. ಛಾಯಾಗ್ರಾಹಕರು ಒಪ್ಪಲಿಲ್ಲ. ಆ ಬಗೆಯ ಜೋಡಿಚಿತ್ರಕ್ಕೆ ದೊಡ್ಡ ಇತಿಹಾಸವೇ ಇದೆ. 1870ರ ದಶಕದಲ್ಲಿ ಲಂಡನ್ನಿನಲ್ಲಿ ಬಡ ಮಕ್ಕಳಿಗೆ ಆಶ್ರಯಧಾಮ ನಡೆಸುತ್ತಿದ್ದ ಥಾಮಸ್ ಬರ್ನಾರ್ಡೊ ಬೀದಿ ಮಕ್ಕಳ ಇಂಥ ಚಿತ್ರಗಳನ್ನು ದೇಣಿಗೆಗಾಗಿ ಮಾರುತ್ತಿದ್ದರು. ಮಕ್ಕಳನ್ನು ಬೇಕೆಂದೇ ಹೆಚ್ಚು ಹರಕು ಬಟ್ಟೆಯಲ್ಲಿ ತೋರಿಸಿದ್ದರು ಅನ್ನುವ ದೂರು ಬಂದು, 1877ರಲ್ಲಿ ಮಧ್ಯಸ್ಥಗಾರರ ವಿಚಾರಣೆಯಲ್ಲಿ ಹಾಗೆ ತೋರಿಸಿದ್ದು ತಪ್ಪು ಅಂತ ತೀರ್ಮಾನವಾಯಿತು. ಈ ಹುಡುಗನ ವಿಷಯದಲ್ಲಿ ಯಾರೂ ಬಟ್ಟೆ ಹರಿಯುತ್ತಿರಲಿಲ್ಲ, ಸರಿ. ಆದರೆ ಎರಡು ಫೋಟೋಗಳ ನಡುವೆ ಇರುವ ಗೂಡು, ಕಾವಲುಗಾರ, ಖಾಯಂ ಕೆಲಸ, ಜೊತೆಯ ಇಬ್ಬರು, ಇದ್ಯಾವುದೂ ಆ ಜೋಡಿಯಲ್ಲಿ ಕಾಣುವುದಿಲ್ಲ ಅಲ್ವಾ?

ಬೇರೆಯವರು ಇದನ್ನು ಬಳಸುವುದಾದರೆ

ಇದೇ ಕೆಲಸ ಬೇರೆಡೆ ಮಾಡುವವರಿಗೆ ನಾನು ಹೇಳುವುದು ಮೊದಲು ಬಿಟ್ಟ ಫ್ರೇಮುಗಳನ್ನು ನೋಡಿ ಅಂತ. ಆರಿಸಿದ ಫೋಟೋದಲ್ಲಿ ತೆಗೆದವರ ಕಣ್ಣು ಕಾಣುತ್ತದೆ, ಬಿಟ್ಟವುಗಳಲ್ಲಿ ಎಷ್ಟೋ ಸಲ ಆ ಜಾಗದ ಸಂಗತಿ ಇರುತ್ತದೆ. ಸಮಯ ಬರೆದ ಫೋಟೋಗಳ ಸರಣಿ ಒಂದು ಒಳ್ಳೆಯ ಮುಖಚಿತ್ರಕ್ಕಿಂತ ಆಡಳಿತದವರ ಮುಂದೆ ಹೆಚ್ಚು ಕೆಲಸ ಮಾಡಿತು. ಮುಖ ನೋಡಿ ಅವರು ಅಯ್ಯೋ ಅನ್ನುತ್ತಿದ್ದರು, ಗೇಟಿನ ಫೋಟೋ ನೋಡಿ ಗೇಟಿನ ಬಗ್ಗೆ ಮಾತಾಡಿದರು. ಹಾಗಂತ ಮುಖಚಿತ್ರಗಳು ವ್ಯರ್ಥ ಅಂತಲ್ಲ. ದುಡ್ಡು ಬಂದದ್ದು ಅವುಗಳಿಂದಲೇ, ಎರಡನೇ ಹಂತ ನಡೆದದ್ದು ಆ ದುಡ್ಡಿನಿಂದಲೇ.

ಕ್ಯಾಮೆರಾಕ್ಕೆ ಎಟುಕದ್ದು ಬಹಳ ಇದೆ. ಯುರೋಪಿನಲ್ಲಿ ವಸತಿಹೀನತೆಯ ಮೇಲೆ ಕೆಲಸ ಮಾಡುವ ಸಂಸ್ಥೆಗಳ ಒಕ್ಕೂಟ ಫೆಆಂಟ್ಸಾ (FEANTSA) 2005ರಲ್ಲಿ ಹೊರತಂದ ವರ್ಗೀಕರಣದಲ್ಲಿ ನಾಲ್ಕು ಬಗೆ ಇವೆ. ಸೂರೇ ಇಲ್ಲದವರು, ತಾತ್ಕಾಲಿಕ ಆಶ್ರಯದಲ್ಲಿ ಇರುವವರು, ಯಾವಾಗ ಬೇಕಾದರೂ ಹೊರಬೀಳಬಹುದಾದ ಭದ್ರತೆಯಿಲ್ಲದ ವಸತಿಯವರು, ಬದುಕಲು ಯೋಗ್ಯವಲ್ಲದ ವಸತಿಯವರು. ರಸ್ತೆಯಲ್ಲಿ ನಿಂತ ಛಾಯಾಗ್ರಾಹಕನಿಗೆ ಸಿಗುವುದು ಮೊದಲನೆಯ ಬಗೆ, ಹೆಚ್ಚೆಂದರೆ ಎರಡನೆಯದು. ಪರಿಚಯದವರ ಮನೆಯ ಮೂಲೆಯಲ್ಲಿ ಇವತ್ತು ಇಲ್ಲಿ ನಾಳೆ ಅಲ್ಲಿ ಅಂತ ಮಲಗುವವರು ಯಾವ ಫ್ರೇಮಿಗೂ ಬರುವುದಿಲ್ಲ. ಹೆಂಗಸರಲ್ಲಿ ಇಂಥವರು ಬಹಳ. ಮೇಲ್ಸೇತುವೆಯ ಕೆಳಗೆ ಹೆಂಗಸರು ಕಡಿಮೆ ಇದ್ದದ್ದನ್ನು ನೋಡಿ ಆ ನಗರದಲ್ಲಿ ಮನೆಯಿಲ್ಲದ ಹೆಂಗಸರೇ ಕಡಿಮೆ ಅಂತ ಸಂಸ್ಥೆಯ ವರದಿಯ ಮೊದಲ ಕರಡಿನಲ್ಲಿ ಬರೆದಿತ್ತು. ದೊಡ್ಡಮ್ಮನೇ ಅದನ್ನು ತಿದ್ದಿಸಿದರು. ತಾವು ಅಲ್ಲಿಗೆ ಬರುವ ಮುಂಚೆ ಎಷ್ಟು ಮನೆಗಳ ವರಾಂಡದಲ್ಲಿ ಮಲಗಿದ್ದೆ ಅಂತ ಅವರು ಹೇಳಿದ ಪಟ್ಟಿಯ ಪೈಕಿ ಒಂದಕ್ಕೂ ಫೋಟೋ ಇಲ್ಲ.

ಫೋಟೋಗಳ ಮೂಲ ಫೈಲುಗಳು ಈಗ ಸಂಸ್ಥೆಯ ಬಳಿ ಬೀಗ ಹಾಕಿದ ಡಿಸ್ಕಿನಲ್ಲಿವೆ. ತೆಗೆದವರ ಹೆಸರಿನ ಬದಲು ಸಂಖ್ಯೆ ಇದೆ, ಯಾವ ಸಂಖ್ಯೆ ಯಾರದು ಅನ್ನುವ ಪುಸ್ತಕ ಬೇರೆ ಕಡೆ ಇದೆ. ಮತ್ತೆ ಎಲ್ಲಾದರೂ ತೋರಿಸಬೇಕಾದರೆ ತೆಗೆದವರನ್ನು ಹುಡುಕಿ ಕೇಳಲೇಬೇಕು, ಸಿಗದಿದ್ದರೆ ತೋರಿಸುವಂತಿಲ್ಲ. ಇದರಿಂದಾಗಿ ತುಂಬಾ ಒಳ್ಳೆಯ ಕೆಲವು ಚಿತ್ರಗಳು ಹೊರಗೆ ಬರುತ್ತಲೇ ಇಲ್ಲ, ಛಾಯಾಗ್ರಾಹಕರಿಗೆ ಇದರ ಬಗ್ಗೆ ಬೇಸರ ಇದೆ. ಗಂಡ ಹೆಂಡತಿಯರ ತೊಂದರೆ ಹಾಗೇ ಉಳಿದಿದೆ. ತಂಗುದಾಣದಲ್ಲಿ ಗಂಡಸರಿಗೆ ಒಂದು ಕೋಣೆ, ಹೆಂಗಸರಿಗೆ ಒಂದು ಕೋಣೆ. ಕಾಯಿಲೆಯ ಗಂಡನನ್ನು ರಾತ್ರಿ ನೋಡಿಕೊಳ್ಳಬೇಕಾದ ಒಬ್ಬಾಕೆ ಇನ್ನೂ ಕಂಬದ ಕೆಳಗೇ ಇದ್ದಾರೆ. ಮುಂದಿನ ಸಭೆಗೆ ಆ ಎರಡು ಕೋಣೆಗಳ ನಡುವಿನ ಬಾಗಿಲಿನ ಫೋಟೋಗಳನ್ನು ಆಕೆಯೇ ತೆಗೆದಿಟ್ಟಿದ್ದಾರೆ, ದಿನಾಂಕ ಮಾತ್ರ ಇನ್ನೂ ಗೊತ್ತಾಗಿಲ್ಲ.